ತೂತಿಲ್ಲದ ನಾನೂರು ಎಲೆಗಳು

ಅವನು ಬಾಗಿಲು ತಟ್ಟಲಿಲ್ಲ. ಸೀದಾ ಒಳಗೆ ಬಂದವನೇ ಹೆಗಲ ಮೇಲಿದ್ದ ಒದ್ದೆ ಚೀಲವನ್ನು ಅವಳ ಮೇಜಿನ ಮೇಲೆ ಧೊಪ್ಪೆಂದು ಇಳಿಸಿಬಿಟ್ಟ.

ಆ ಮೇಜಿನ ಮೇಲೆ ಏನಿತ್ತು ಗೊತ್ತೇ? ಬೆಳಗಿನಿಂದ ಅವಳು ಉಸಿರು ಬಿಗಿಹಿಡಿದು ಅಂಟಿಸಿದ್ದ ಹನ್ನೆರಡು ಹಾಳೆಗಳು. ಒಂದೊಂದರ ಮೇಲೂ ಒಂದೊಂದು ಒಣಗಿದ ಗಿಡ. ಅಂಟು ಇನ್ನೂ ಹಸಿಯಾಗಿತ್ತು.

"ಅಯ್ಯೋ... ಎತ್ತಿ, ಮೊದಲು ಎತ್ತಿ ಅದನ್ನ!"

ಅವನು ಗಾಬರಿಯಿಂದ ಎತ್ತಿದ. ಎತ್ತಿದ ರಭಸಕ್ಕೆ ಚೀಲದ ಬಾಯಿ ಬಿಚ್ಚಿಕೊಂಡು ಎಲೆಗಳೆಲ್ಲ ಅವಳ ಮಡಿಲಿಗೆ ಸುರಿದವು. ತಣ್ಣನೆಯ, ಮಂಜಿನ ವಾಸನೆಯ ಎಲೆಗಳು. ಅವಳು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತೂತು. ಇನ್ನೊಂದು ಎತ್ತಿದಳು. ಅದಕ್ಕೂ ತೂತು!

"ಇದೇನು ಎಲೆನಾ, ಜರಡಿನಾ?"

"ಬಳ್ಳಿ ಎಲೆ, ಮೇಡಂ. ಹುಳ ತಿಂದಿದೆ ಅಷ್ಟೆ."

"ಹುಳ ತಿಂದು ಬಿಟ್ಟಿದ್ದನ್ನ ನಮಗೆ ತಂದ್ರಾ?"

"ಅದರ ಊಟ ಮುಗೀಲಿ ಅಂತ ಕಾದು ತಂದೆ," ಎಂದ ಅವನು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಅವಳಿಗೆ ನಗು ಉಕ್ಕಿತು. ತುಟಿ ಕಚ್ಚಿ ತಡೆದುಕೊಂಡಳು. ಹನ್ನೆರಡು ಹಾಳೆ ಹಾಳು ಮಾಡಿದವನ ಮುಂದೆ ನಗುವುದುಂಟೇ? ತಲೆಯೆತ್ತಿ ಗದರಿಸಲು ಹೊರಟವಳು ಅವನ ಕಣ್ಣು ನೋಡಿದಳು, ಗದರಿಕೆ ಅಲ್ಲೇ ಮರೆತುಹೋಯಿತು. 'ಇದೇನಾಯ್ತು ನನಗೆ?' ಎಂದು ತನ್ನನ್ನೇ ಕೇಳಿಕೊಂಡಳು.

ಪ್ರೀತಿ ಶುರುವಾಗಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಏನು ಮಾಡೋಣ, ಅದಕ್ಕೆ ಗಡಿಯಾರ ನೋಡುವ ಅಭ್ಯಾಸವಿಲ್ಲ.

ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಿಂದ ಮಳೆಕಾಡಿಗೆ ಮೂರು ಗಂಟೆಯ ಬಸ್ ದಾರಿ. ಕಾಡಿನಿಂದ ಗಿಡ, ಬಳ್ಳಿ, ತೊಗಟೆ ಬರುತ್ತಿದ್ದವು. ಇಲ್ಲಿ ಅವುಗಳ ರಸ ತೆಗೆದು, ಅದರಲ್ಲಿ ಯಾವ ಕಾಯಿಲೆಗಾದರೂ ಮದ್ದು ಅಡಗಿದೆಯೇ ಎಂದು ನೋಡುತ್ತಿದ್ದರು. ಬಂದ ಗಿಡದ ಗುರುತು ಹಿಡಿದು, ಒಣಗಿಸಿ, ಹಾಳೆಗೆ ಅಂಟಿಸಿ, ಪಕ್ಕದ ಚೀಟಿಯಲ್ಲಿ ಅದರ ಪೂರ್ವಾಪರ ಬರೆಯುವುದು ಅವಳ ಕೆಲಸ. ಎಲ್ಲರೂ ಅವಳನ್ನು 'ಎಲೆ ಮೇಡಂ' ಎನ್ನುತ್ತಿದ್ದರು. ಅವಳಿಗೊಂದು ನಿಯಮವಿತ್ತು. ಗಿಡದ ಗುರುತಿನಲ್ಲಿ ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ.

ಅವನು ಕಾಡಂಚಿನವನು. ಅಲ್ಲಿನ ಮರಗಳು ಎಷ್ಟು ಎತ್ತರವೆಂದರೆ ಹೂ ಬಿಟ್ಟರೂ ನೆಲದಲ್ಲಿ ನಿಂತವರಿಗೆ ತಿಳಿಯದು. ಹಗ್ಗ ಕಟ್ಟಿಕೊಂಡು ತುದಿಗೆ ಹತ್ತಿ ತರುವವನು ಇವನು. ಅಜ್ಜಿ ಸಾಕಿದ ಹುಡುಗ, ಅಜ್ಜಿಯೇ ಇಟ್ಟ ಅಡ್ಡಹೆಸರು ಅಳಿಲು. ಕಾಡಿನ ಕಚೇರಿಯ ದಫ್ತರದಲ್ಲೂ ಅದೇ ನಿಂತಿತ್ತು.

"ಚೀಟಿಗೆ ಬರೀಬೇಕು," ಎಂದಳು ಅವಳು, ಪೆನ್ನು ಎತ್ತಿಕೊಂಡು. "ಎಲೆ ಜೊತೆ ತಂದಿರೋ ಈ ಹೂವು ಒಣಗಿದ್ರೆ ಬಣ್ಣ ಹೋಗಿಬಿಡುತ್ತೆ. ಕಿತ್ತಾಗ ಯಾವ ಬಣ್ಣ ಇತ್ತು?"

"ಬೆಳಿಗ್ಗೆ ಹಾಲಿನ ಕೆನೆ. ಬಿಸಿಲು ತಾಗಿದ್ಮೇಲೆ ಜೇನು."

"ಎತ್ತರ?"

"ಅಲ್ಲಿಂದ ಬಗ್ಗಿ ನೋಡಿದ್ರೆ ಮೋಡ ಕೆಳಗಿರುತ್ತೆ."

"ಅಡಿಯಲ್ಲಿ ಹೇಳಿ."

"ನೂರ ಮೂವತ್ತು."

ಅವಳು ನೂರ ಮೂವತ್ತು ಎಂದು ಬರೆದಳು. ಮೋಡ ಮಾತ್ರ ಇಡೀ ದಿನ ತಲೆಯಲ್ಲೇ ಉಳಿಯಿತು.

ಆಮೇಲೆ ಅವನು ವಾರಕ್ಕೊಮ್ಮೆ ಬರತೊಡಗಿದ. ಒಮ್ಮೆ ತೊಗಟೆ, ಒಮ್ಮೆ ಜರೀಗಿಡ. ಈಗ ಬಾಗಿಲು ತಟ್ಟುತ್ತಿದ್ದ. ಚೀಲವನ್ನು ನೆಲದ ಮೇಲೆ, ಮಗುವನ್ನು ಮಲಗಿಸುವ ಹಾಗೆ ಇಳಿಸುತ್ತಿದ್ದ. ಅವಳು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಒಂದು ಚೀಟಿಗೆ ಐದು ನಿಮಿಷ ಸಾಕು. ಇವರಿಗೆ ಒಂದು ಗಂಟೆಯೂ ಸಾಲುತ್ತಿರಲಿಲ್ಲ.

"ವಾಸನೆ?"

"ಬಟ್ಟೆ ಒಣಗಿಸಿ ಮಡಚಿ ಇಡ್ತೀವಲ್ಲ... ಮರುದಿನ ಬೀರು ತೆಗೆದಾಗ ಬರುತ್ತಲ್ಲ, ಆ ವಾಸನೆ."

ಇಂಥದ್ದನ್ನೆಲ್ಲ ಚೀಟಿಯಲ್ಲಿ ಬರೆಯಲು ಜಾಗವೆಲ್ಲಿ? ಅವಳು ಮನಸ್ಸಿನಲ್ಲೇ ಬರೆದುಕೊಂಡಳು.

ಮನೆಯಲ್ಲಿ ಅಕ್ಕನ ಹೊಲಿಗೆ ಯಂತ್ರ ಕಟಕಟನೆ ಓಡುತ್ತಿರುವಾಗ ಇವಳು ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಿದ್ದಳು. ಕನಸಿನಲ್ಲಿ ಅವಳಿಗೆ ತೂಕವೇ ಇಲ್ಲ. ಕಡು ಹಸಿರಿನಿಂದ ಎಳೆ ಹಸಿರಿಗೆ, ಅಲ್ಲಿಂದ ಹಳದಿ ಬೆಳಕಿಗೆ, ನಿಧಾನವಾಗಿ ಮೇಲೆ ಮೇಲೆ ತೇಲುತ್ತ... ತುದಿಯಲ್ಲಿ ಯಾರೋ ಕೈ ಚಾಚಿರುತ್ತಿದ್ದರು. ಯಾರು ಎಂದು ಅವಳಿಗೆ ಗೊತ್ತಿತ್ತು.

"ಸೂಜಿಗೆ ದಾರ ಪೋಣಿಸು ಅಂತ ಕೊಟ್ಟು ಕಾಲು ಗಂಟೆ ಆಯ್ತು," ಎಂದಳು ಅಕ್ಕ. "ಆ ಸೂಜಿ ಕಣ್ಣಲ್ಲಿ ಯಾರು ಕಾಣ್ತಿದ್ದಾರೆ?"

"ಯಾರೂ ಇಲ್ಲ."

"ಯಾರೂ ಇಲ್ದೇ ಇದ್ರೆ ಕಿವಿ ಯಾಕೆ ಕೆಂಪಾಯ್ತು?"

ಅವಳು ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು.

ಅಷ್ಟರಲ್ಲಿ ಪ್ರಯೋಗಾಲಯದಲ್ಲಿ ಒಂದು ಸಂಗತಿ ನಡೆಯಿತು. ಆ ಜರಡಿ ಎಲೆಗಳಿದ್ದವಲ್ಲ, ಅವುಗಳ ರಸದ ಸರದಿ ಬಂತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕೋಶಗಳ ನಡುವೆ ಒಂದು ಗೀರು ಎಳೆದು, ಅದರ ಮೇಲೆ ರಸ ಬಿಟ್ಟರು. ಮುಚ್ಚಲು ಮೂರು ದಿನ ಹಿಡಿಯಬೇಕಾದ ಗೀರು ಮರುದಿನವೇ ಮುಚ್ಚಿಕೊಂಡಿತ್ತು. ಎಲ್ಲರೂ 'ದೊಡ್ಡವರು' ಎಂದು ಕರೆಯುತ್ತಿದ್ದ ಮುಖ್ಯ ವಿಜ್ಞಾನಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ವರ್ಷಗಟ್ಟಲೆ ಮಾಯದ ಗಾಯ ಇಟ್ಕೊಂಡು ನರಳೋರು ಎಷ್ಟು ಜನ ಇದ್ದಾರೆ ಗೊತ್ತಾ?" ಎಂದರು ಮೆಲ್ಲಗೆ. "ಇನ್ನಷ್ಟು ಎಲೆ ತರಿಸಮ್ಮ. ಬೇಗ."

ಅವಳು ಸುದ್ದಿ ಕಳಿಸಿದಳು. ಎರಡು ದಿನದಲ್ಲಿ ಬರಬೇಕಾದವನು ಆರನೆಯ ದಿನ ಬಂದ. ಕೈ ತುಂಬ ತರಚು ಗಾಯ, ಕಣ್ಣು ಕೆಂಪು. ಚೀಲ ಬಿಚ್ಚಿ, ಒದ್ದೆ ಬಟ್ಟೆಯ ಪದರಗಳನ್ನು ಒಂದೊಂದಾಗಿ ತೆಗೆದ. ಪದರದ ನಡುವೆ ಎಲೆಗಳು. ಕಡು ಹಸಿರು, ನುಣುಪು, ಅಂಚು ಕೂಡ ಮಾಸದ ಎಲೆಗಳು.

"ನಾನೂರು ಇವೆ," ಎಂದ ಅವನು, ನೆಲ ನೋಡುತ್ತ. "ಒಂದಕ್ಕೂ ತೂತಿಲ್ಲ."

ಅವಳ ಎದೆ ತುಂಬಿ ಬಂತು. ಏನಾದರೂ ಹೇಳಬೇಕಿತ್ತು. ಆದರೆ ಕೆಲಸದ ಬಾಯಿ, ಅಭ್ಯಾಸಬಲ...

"ಹೂವು ಎಲ್ಲಿ?"

ಅವನ ಮುಖ ಸಣ್ಣಗಾಯಿತು. "ಹೂವಿನ ಕಾಲ ಮುಗೀತು, ಮೇಡಂ."

ಅವನು ಹೋದ ಮೇಲೆ, ಖಾಲಿ ಕೋಣೆಯಲ್ಲಿ ನಿಂತು, "ತುಂಬ ಚೆನ್ನಾಗಿವೆ," ಎಂದಳು. ಯಾರಿಗೆ ಕೇಳಿಸಬೇಕು?

ಆ ಎಲೆಗಳ ರಸ ಏನೂ ಮಾಡಲಿಲ್ಲ. ಮೂರು ಸಲ ನೋಡಿದರು. ಮರುದಿನವೂ ಗೀರು ಎಳೆದ ಹಾಗೆಯೇ ಇತ್ತು.

ದೊಡ್ಡವರು ಎರಡೂ ಚೀಲದ ಎಲೆಗಳನ್ನು ಅವಳ ಮುಂದೆ ಇಟ್ಟರು. "ಗುರುತು ಹಿಡಿಯೋಳು ನೀನು. ಇವೆರಡೂ ಒಂದೇ ಬಳ್ಳೀನಾ? ಇಲ್ಲಾಂದ್ರೆ ಹತ್ತೋಕೆ ಬೇಜಾರಾಗಿ ಕೈಗೆ ಸಿಕ್ಕಿದ್ದನ್ನ ತಂದ್ನಾ?"

ಅವಳು ಭೂತಗನ್ನಡಿ ಹಿಡಿದು ಕುಳಿತಳು. ಮೊದಲಿನದು ಚಿಕ್ಕ ಎಲೆ, ದಪ್ಪ, ಹಿಂಬದಿಯಲ್ಲಿ ಒತ್ತಾದ ರೋಮ. ಎರಡನೆಯದು ಅಗಲ, ತೆಳು, ರೋಮವೇ ಇಲ್ಲ. ಹೂವಿದ್ದರೆ ಒಂದೇ ಕ್ಷಣದಲ್ಲಿ ಹೇಳಬಹುದಿತ್ತು. ಹೂವಿಲ್ಲ. 'ಅದೇ ಬಳ್ಳಿ' ಎಂದು ಮನಸ್ಸು ಚೀರಿತು. ಮನಸ್ಸು ಹೇಳಿದ್ದನ್ನು ಚೀಟಿಯಲ್ಲಿ ಬರೆಯಲಾಗುತ್ತದೆಯೇ? ಅವಳು ಒಂದೇ ಸಾಲು ಬರೆದಳು. 'ಎರಡೂ ಒಂದೇ ಬಳ್ಳಿಯವು ಎಂದು ಹೇಳಲು ಬರುವುದಿಲ್ಲ.'

ಆ ಸಾಲು ಕಾಡಿನ ಕಚೇರಿಗೆ ಹೋಯಿತು. ಎಲೆ ಬದಲಾಯಿಸಿ ಕೊಡುವವನಿಗೆ ಮರ ಹತ್ತುವ ಪರವಾನಗಿ ಇಲ್ಲ ಎಂದು ಕಚೇರಿ ತೀರ್ಮಾನಿಸಿತು. ಗುರುವಾರ ಸಂಜೆಯೊಳಗೆ ಮರಗಳಿಗೆ ಕಟ್ಟಿದ ಹಗ್ಗಗಳನ್ನೆಲ್ಲ ಬಿಚ್ಚಿಕೊಂಡು ಹೊರಗೆ ಬರಬೇಕು. ಮತ್ತೆ ಆ ಕಾಡಿನೊಳಗೆ ಅವನು ಕಾಲಿಡುವ ಹಾಗಿಲ್ಲ.

ಅವನು ಬಂದ. ಕೈಯಲ್ಲಿ ಚೀಲವಿರಲಿಲ್ಲ.

"ಆ ಸಾಲು ನೀವೇ ಬರೆದಿದ್ದಾ?"

"ಕಂಡಿದ್ದು ಬರೆದೆ," ಎಂದಳು. "ನೀವು ಸುಳ್ಳು ಹೇಳಿದ್ರಿ ಅಂತ ನಾನು ಬರೆದಿಲ್ಲ."

"ನನ್ನನ್ನ ನಂಬ್ತೀರಿ ಅಂತಾನೂ ಬರೆದಿಲ್ಲ."

"ಹಾಗಲ್ಲ..."

"ಅದೇ ಬಳ್ಳಿ, ಮೇಡಂ. ಒಂದು ಮಾತು ನನ್ನನ್ನ ಕರೆದು ಕೇಳಬಹುದಿತ್ತು. ಬೇರೆಯವರು ಬರೆದಿದ್ರೆ ಇಷ್ಟು ನೋವಾಗ್ತಿರಲಿಲ್ಲ."

ಅಷ್ಟೇ. ಹೊರಡುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಧಡಾರನೆ ಹಾಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಬುಧವಾರ ಸಂಜೆ ಅಕ್ಕ ಯಂತ್ರ ನಿಲ್ಲಿಸಿದಳು. "ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ. ಏನಾಯ್ತು ಹೇಳು."

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. "ನಾನು ತಪ್ಪು ಮಾಡಿಲ್ಲ ಅಕ್ಕ. ಕಂಡಿದ್ದನ್ನ ಬರೆದೆ..."

"ಕಂಡಿದ್ದು ಬರೆದೆ, ಸರಿ. ಕಾಣದೇ ಇದ್ದದ್ದನ್ನ ಹೋಗಿ ನೋಡಿದ್ಯಾ?"

ಅವಳು ಕಣ್ಣು ಒರೆಸಿಕೊಂಡು ಅಕ್ಕನನ್ನೇ ನೋಡಿದಳು.

"ಬೆಳಗಿನ ಮೊದಲ ಬಸ್ ಐದೂವರೆಗೆ," ಎಂದಳು ಅಕ್ಕ, ಮತ್ತೆ ಯಂತ್ರ ತುಳಿಯುತ್ತ. "ಮುಖ ತೊಳ್ಕೊಂಡು ಮಲ್ಕೋ. ಈ ಮೋರೆ ನೋಡಿದ್ರೆ ಹುಡುಗ ಇನ್ನೊಂದು ಮರ ಹತ್ತಿ ಕೂತ್ಕೋತಾನೆ."

ಕಾಡಂಚಿನಲ್ಲಿ ಬಸ್ ಇಳಿದಾಗ ಮಂಜು ಇನ್ನೂ ಸರಿದಿರಲಿಲ್ಲ. ರಸ್ತೆ ಹತ್ತು ಹೆಜ್ಜೆಯ ಆಚೆಗೆ ಕರಗಿಹೋಗುತ್ತಿತ್ತು. ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ಕನಸಿನೊಳಗೆ ನಡೆದ ಹಾಗೆ ನಡೆದಳು. ದಾರಿ ಕೇಳಲು ನಿಂತ ಮೊದಲ ಮನೆಯೇ ಅವನದು.

ಜಗಲಿಯಲ್ಲಿ ಅಜ್ಜಿ ಕುಳಿತಿದ್ದಳು. ಮುಂದೆ ಒಂದು ಬುಟ್ಟಿ ಎಲೆ, ಅದೇ ಬಳ್ಳಿಯದು. ಕಣ್ಣಿಗೆ ಪೊರೆ ಬಂದಿದ್ದರಿಂದ ಒಂದೊಂದನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದಳು. ತೂತಿದ್ದುದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನುಣುಪಾದುದನ್ನು ಅಂಗಳಕ್ಕೆ ಎಸೆಯುತ್ತಿದ್ದಳು.

ಅವಳಿಗೆ ತಾನೇಕೆ ಬಂದೆನೆಂಬುದೇ ಮರೆತುಹೋಯಿತು. "ಅಜ್ಜಿ... ಚೆನ್ನಾಗಿರೋದನ್ನ ಯಾಕೆ ಎಸೀತಿದ್ದೀರ?"

"ಚೆನ್ನಾಗಿದ್ದು ಏನು ಮಾಡೋದು? ಅದರಲ್ಲಿ ಮದ್ದಿಲ್ಲ." ಅಜ್ಜಿ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು. "ಹುಳ ಕಚ್ಚಿದಾಗ ಬಳ್ಳಿಗೆ ಸಿಟ್ಟು ಬರುತ್ತೆ ಮಗಾ. ಆಮೇಲೆ ಆ ಕೊಂಬೇಲಿ ಬರೋ ಎಲೆ ಚಿಕ್ಕದಾಗುತ್ತೆ, ದಪ್ಪ ಆಗುತ್ತೆ, ಮೈಮೇಲೆ ಕೂದಲು ಬರುತ್ತೆ. ಕಹಿ ತುಂಬ್ಕೊಳುತ್ತೆ. ಆ ಕಹಿನೇ ಗಾಯಕ್ಕೆ ಮದ್ದು. ಯಾರೂ ಕಚ್ಚದ ಎಲೆ ಬರೀ ಸೊಪ್ಪು."

ಅವಳು ಮೆಟ್ಟಿಲ ಮೇಲೆ ಕುಳಿತಳು. ಚಿಕ್ಕ ಎಲೆ, ದಪ್ಪ, ಒತ್ತಾದ ರೋಮ... ಎರಡೂ ಒಂದೇ ಬಳ್ಳಿ!

"ಇದನ್ನ ಪ್ರಯೋಗಾಲಯದವರಿಗೆ, ನಮಗೆ, ಹೇಳಬಹುದಿತ್ತಲ್ಲ ಅಜ್ಜಿ?"

"ಯಾರು ಕೇಳಿದ್ರು? ನೀವು ಎಲೆ ಕೇಳಿದ್ರಿ, ಅವನು ಎಲೆ ತಂದುಕೊಟ್ಟ."

"ನಿಮ್ಮ ಮೊಮ್ಮಗನಿಗೂ ಗೊತ್ತಿರಲಿಲ್ವಾ?"

"ಅವನಿಗೇನು ಗೊತ್ತು? ಅಜ್ಜಿಗೆ ಕಣ್ಣು ಕಾಣಲ್ಲ, ಅದಕ್ಕೇ ಹಾಳಾದ ಎಲೇನೇ ಆರಿಸ್ತಾಳೆ ಅಂದ್ಕೊಂಡಿದ್ದಾನೆ. ನನಗೆ ಬೇಜಾರಾದೀತು ಅಂತ ಬಾಯಿ ಬಿಡಲ್ಲ." ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. "ಹೋದ ತಿಂಗಳು ನೋಡ್ಬೇಕಿತ್ತು ಅವನ ಅವತಾರ. ನಾಲ್ಕು ದಿನ ಮರದ ಮೇಲೇ. ತೂತಿಲ್ಲದ ಎಲೆ ಬೇಕು, ತೂತಿಲ್ಲದ ಎಲೆ ಬೇಕು ಅಂತ ಒಂದೇ ಜಪ. ಪಟ್ಟಣದಲ್ಲಿ ಯಾರೋ ಮೇಡಂ ಜರಡಿ ಅಂದ್ಲಂತೆ. ಅವಳ ಮುಂದೆ ಮತ್ತೆ ಅಂಥದ್ದು ಇಡಲ್ಲ ಅಜ್ಜಿ ಅಂದ. ಹಗ್ಗ ಉಜ್ಜಿ ಮೈಯೆಲ್ಲ ಗಾಯ ಮಾಡ್ಕೊಂಡು ಬಂದ, ಬೆಪ್ಪುತಕ್ಕಡಿ."

ಅವಳ ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು. ತನ್ನ ಒಂದು ಹಗುರ ಮಾತಿಗೆ ನಾನೂರು ಎಲೆ. ಆ ನಾನೂರು ಎಲೆಗೆ ತಾನು ಬರೆದುಕೊಟ್ಟದ್ದು ಒಂದು ಸಾಲು...

ಅಜ್ಜಿ ಕೈ ಚಾಚಿ ಅವಳ ಕೆನ್ನೆ ಮುಟ್ಟಿ, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಓಹೋ. ಆ ಮೇಡಂ ನೀನೇನಾ? ಅಳೋದು ಆಮೇಲೆ ಇಟ್ಕೋ. ಇವತ್ತು ಗುರುವಾರ. ಹಗ್ಗ ಬಿಚ್ಚೋಕೆ ಹೋಗಿದ್ದಾನೆ."

ಕಾಡಿನ ದಾರಿ ಶುರುವಾಗುವಲ್ಲೇ ಕಚೇರಿಯ ಪುಟ್ಟ ಕೋಣೆಯಿತ್ತು. ಅವಳು ಅಲ್ಲಿ ನಿಂತು, ಅಧಿಕಾರಿಯಿಂದಲೇ ಹಾಳೆ ಇಸಿದುಕೊಂಡು ಬರೆದಳು. 'ಎರಡನೆಯ ಚೀಲದ ಎಲೆಗಳೂ ಅದೇ ಬಳ್ಳಿಯವು. ಎಲೆ ತಂದವನು ತಪ್ಪು ಮಾಡಿಲ್ಲ. ನನ್ನ ಹಿಂದಿನ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹೊಣೆ ನನ್ನದು.'

ಅಧಿಕಾರಿ ಎರಡು ಸಲ ಓದಿದ. "ಪರೀಕ್ಷೆ ಆಯ್ತಾ?"

"ಇನ್ನೂ ಇಲ್ಲ."

"ಬಳ್ಳಿ ನೋಡಿದ್ರಾ?"

"ಅದೂ ಇಲ್ಲ."

"ಮೇಡಂ, ಇದು ಸುಳ್ಳಾದ್ರೆ ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ."

"ಬರಲಿ. ಮುದ್ರೆ ಒತ್ತಿ ತಗೊಳ್ಳಿ."

ಅವಳು, ಕಣ್ಣಾರೆ ಕಾಣದೆ ಒಂದಕ್ಷರ ಬರೆಯದವಳು!

ಅಧಿಕಾರಿ ಕೈ ತೋರಿಸಿದ ಕಾಲುದಾರಿಯಲ್ಲಿ ನಡೆದಳು. ಒಳಗೆ ಹೋದಷ್ಟೂ ಬೆಳಕು ಹಸಿರಾಗುತ್ತ ಹೋಯಿತು. ಮರದ ಬುಡಗಳು ಗೋಡೆಗಳ ಹಾಗೆ ನಿಂತಿದ್ದವು. ಕಾಲಡಿ ಮೆತ್ತನೆಯ ಎಲೆರಾಶಿ, ಹೆಜ್ಜೆಯ ಸದ್ದೂ ಇಲ್ಲ. ಇಲ್ಲೇ ಎಲ್ಲೋ, ಹೆಸರಿಲ್ಲದ ಯಾವುದೋ ಎಲೆಯಲ್ಲಿ ಯಾರದೋ ನೋವಿಗೆ ಮದ್ದು ಸುಮ್ಮನೆ ಕಾದಿದೆ ಎನ್ನಿಸಿತು. ಅವಳಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸಿತು.

ಒಂದು ಮರದ ತುದಿಯಿಂದ ಎರಡು ಹಗ್ಗಗಳು ಇಳಿಬಿದ್ದಿದ್ದವು. ಕತ್ತು ನೋಯುವಷ್ಟು ಮೇಲೆ ನೋಡಿದಳು. ಎಲೆಗಳ ನಡುವೆ ಏನೋ ಅಲುಗಿತು.

"ಬಿಚ್ಚಬೇಡಿ!" ಎಂದು ಕೂಗಿದಳು.

ಒಂದು ಹಗ್ಗ ಸರಸರನೆ ಅಲ್ಲಾಡಿತು. ಅವನು ಇಳಿದು ಬಂದ. ನೆಲ ಮುಟ್ಟಲು ಒಂದಾಳುದ್ದ ಇರುವಾಗ ನಿಂತುಬಿಟ್ಟ, ತೂಗಾಡುತ್ತ.

"ನೀವಾ? ಇಲ್ಲಿ?"

"ನಿಮ್ಮ ಅಜ್ಜಿ ಎಲ್ಲ ಹೇಳಿದ್ರು. ಹುಳ ಕಚ್ಚಿದ ಎಲೇಲೇ ಮದ್ದಿರೋದಂತೆ. ನಾನು ಜರಡಿ ಅಂದಿದ್ದಕ್ಕೆ ನೀವು..." ಕಾಲುದಾರಿಯತ್ತ ಕೈ ತೋರಿಸಿದಳು. "ಕಚೇರಿಗೆ ಬರೆದುಕೊಟ್ಟು ಬಂದೆ. ಅದೇ ಬಳ್ಳಿ ಅಂತ. ಪರೀಕ್ಷೆ ಮುಗಿಯೋ ತನಕ ನಿಮ್ಮ ಪರವಾನಗಿ ಇರುತ್ತೆ ಅಂದ್ರು."

"ಪರೀಕ್ಷೆ ಮುಗಿಯೋ ಮುಂಚೇನೇ ಬರೆದ್ರಾ?"

"ಹೂಂ."

"ಬಳ್ಳಿ ನೋಡ್ದೇನೇ?"

"ಹೂಂ."

"ಯಾಕೆ?"

"ನೀವು ಅದೇ ಬಳ್ಳಿ ಅಂದ್ರಿ. ಅವತ್ತೇ ನನಗೆ ಅಷ್ಟು ಸಾಕಾಗಬೇಕಿತ್ತು." ಅವಳು ತಲೆ ತಗ್ಗಿಸಲಿಲ್ಲ. "ನಿಮ್ಮನ್ನ ಪ್ರೀತಿಸ್ತೀನಿ. ಇದಕ್ಕೆ ಪುರಾವೆ ಕೇಳಿದ್ರೆ ನನ್ನ ಹತ್ರ ಇಲ್ಲ. ಕ್ಷಮಿಸ್ತೀರೋ ಇಲ್ವೋ, ಅದು ನಿಮ್ಮಿಷ್ಟ."

ಪರೀಕ್ಷೆ ಏನಾಯಿತು ಎಂದು ನಿಮಗೆ ಕುತೂಹಲವಿರಬಹುದು. ಈಗಲೇ ಹೇಳಿಬಿಡುತ್ತೇನೆ. ಅಜ್ಜಿ ಬೆರಳಲ್ಲಿ ಸವರಿ ಆರಿಸಿಕೊಟ್ಟ ಎಲೆಗಳ ರಸಕ್ಕೆ ಗೀರು ಒಂದೇ ದಿನದಲ್ಲಿ ಮುಚ್ಚಿತು. ದೊಡ್ಡವರು ಮತ್ತೆ ಕನ್ನಡಕ ಒರೆಸಿದರು. ಮರುವಾರ ಅದೇ ಜಗಲಿಗೆ ಬಂದು, ಟಿಪ್ಪಣಿ ಪುಸ್ತಕ ಬಿಚ್ಚಿ, ಅಜ್ಜಿಯನ್ನು ಕೇಳಿ ಕೇಳಿ ಬರೆದುಕೊಂಡರು. ಮದ್ದಾಗಿ ಜನರ ಕೈಸೇರಲು ಇನ್ನೂ ವರ್ಷಗಳು ಬೇಕು, ಆ ಮಾತು ಬೇರೆ. ಆದರೆ ಮರದ ಕೆಳಗೆ ನಿಂತಿದ್ದ ಇವಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳಿಗೆ ಬೇಕಿದ್ದುದು ಒಂದೇ ಉತ್ತರ.

ಅವನು ನೆಲಕ್ಕೆ ಇಳಿದ. ಎದುರಿಗೆ ಬಂದು ನಿಂತ.

"ನನಗೂ ಒಂದು ಹೇಳೋದಿದೆ," ಎಂದ ಕೊನೆಗೆ. "ನೆಲದ ಮೇಲೆ ನಿಂತ್ರೆ ನನಗೆ ನಾಲಿಗೆ ಹೊರಳಲ್ಲ. ಮೇಲಿದ್ದಾಗ ಸಲೀಸಾಗಿ ಬರುತ್ತೆ. ಆ ನಾಲ್ಕು ದಿನಾನೂ ಅಲ್ಲಿ ನಿಮ್ಮ ಜೊತೆ ಒಬ್ನೇ ಮಾತಾಡಿದ್ದೀನಿ."

"ಹಾಗಿದ್ರೆ ಅಲ್ಲಿಗೇ ಹೋಗೋಣ."

"ನೂರ ಮೂವತ್ತು ಅಡಿ."

"ಗೊತ್ತು. ನಾನೇ ಬರೆದಿದ್ದು."

ಅವನು ಮೊದಲ ಸಲ ಬಾಯಿ ತುಂಬ ನಕ್ಕ. ತನ್ನ ಬಳಿಯಿದ್ದ ಇನ್ನೊಂದು ಸೊಂಟದ ಪಟ್ಟಿಯನ್ನು ಅವಳಿಗೆ ಬಿಗಿದ, ಒಂದೊಂದು ಗಂಟನ್ನೂ ಎರಡೆರಡು ಸಲ ಎಳೆದು ನೋಡಿದ. ಅವನ ಬೆರಳುಗಳಲ್ಲಿ ತರಚು ಗಾಯದ ಗುರುತು ಇನ್ನೂ ಇತ್ತು. ಅವಳು ಅದರ ಮೇಲೆ ತನ್ನ ಕೈಯಿಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

ಹಗ್ಗ ಬಿಗಿಯಾಯಿತು. ಅವಳ ಪಾದ ನೆಲ ಬಿಟ್ಟಿತು. ಅವನು ಪಕ್ಕದ ಹಗ್ಗದಲ್ಲಿ ಅವಳ ಸಮಕ್ಕೇ ಏರುತ್ತ, ಅವಳನ್ನೂ ಮೇಲಕ್ಕೆ ತರುತ್ತಿದ್ದ. ಕಡು ಹಸಿರು ಕೆಳಗೆ ಸರಿಯಿತು. ಎಳೆ ಹಸಿರು ಬಂತು. ಮಂಜಿನ ತೆಳು ಪದರವೊಂದು ಮುಖ ಸವರಿ ಹೋಯಿತು.

"ಹೆದರಿಕೆ ಆದ್ರೆ ಹೇಳು," ಎಂದ ಅವನು, ತೀರ ಹತ್ತಿರದಿಂದ.

"ಆಗ್ತಿದೆ," ಎಂದಳು ಅವಳು. "ನಿಲ್ಲಿಸಬೇಡ."